ಲೈಸೆನ್ಸಿನ ವರ್ಷ ಯಾರ ವರ್ಷ?

ಅಮೆರಿಕಾದಲ್ಲಿ ಗಾಳ ಹಾಕಿ ಮೀನು ಹಿಡಿಯುವುದಕ್ಕೂ, ಬಂದೂಕು ಹಿಡಿದು ಬೇಟೆಗೆ ಹೋಗುವುದಕ್ಕೂ ಸರ್ಕಾರದ ಲೈಸೆನ್ಸು ಬೇಕು. ಸಾಮಾನ್ಯವಾಗಿ ಜನ ಕೊಳ್ಳುವುದು ಒಂದು ವರ್ಷದ ಲೈಸೆನ್ಸು. ವರ್ಷವರ್ಷವೂ ಅದನ್ನು ಹೊಸದು ಮಾಡಿಸಬೇಕು. ಯಾವ ತಿಂಗಳು ಮಾಡಿಸಿದರೆ ಲಾಭ, ಯಾವ ತಿಂಗಳು ಮಾಡಿಸಿದರೆ ನಷ್ಟ ಎಂಬುದು ಅಲ್ಲಿಯ ಸಾಮಾನ್ಯರಿಗೆ ತಪ್ಪದ ಲೆಕ್ಕಾಚಾರ. ನಮಗೇಕೆ ಅದರ ಗೊಡವೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಅಂಗಡಿಕಾರ ಗೆಳೆಯರು ಕೇಳಲಾರರು. ಜನವರಿಯಲ್ಲಿ ಅಂಗಡಿ ತೆರೆದವನ ಲೈಸೆನ್ಸೂ ಮಾರ್ಚ್ 31ಕ್ಕೇ ಮುಗಿಯುವ ಊರಿನಲ್ಲಿ ವ್ಯಾಪಾರ ಮಾಡಿದವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಟೆಯ ಪಕ್ಷ ವಹಿಸಿ ನಾನು ಬರೆಯುತ್ತಿಲ್ಲ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಗೆ ಲೈಸೆನ್ಸು ಕೊಡುವ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆದದ್ದು ಒಳ್ಳೆಯದೇ ಆಯಿತು. ಇಲ್ಲಿ ನನಗೆ ಮುಖ್ಯವಾದದ್ದು ಬಂದೂಕವಲ್ಲ, ರಸೀತಿ.

ಅಮೆರಿಕಾದಲ್ಲಿ ಈ ಲೈಸೆನ್ಸು ಆಯಾ ರಾಜ್ಯದ ಅಧಿಕಾರ. ಟೆಕ್ಸಾಸ್ ರಾಜ್ಯವನ್ನು ನೋಡಿ. ಅಲ್ಲಿ ಲೈಸೆನ್ಸಿನ ವರ್ಷ ಸೆಪ್ಟೆಂಬರ್ 1ಕ್ಕೆ ಹುಟ್ಟಿ ಆಗಸ್ಟ್ 31ಕ್ಕೆ ಸಾಯುತ್ತದೆ. 2024–25ರ ಸಾಲಿನಲ್ಲಿ ಆ ರಾಜ್ಯದ ನಿವಾಸಿಗೆ ಸಿಹಿನೀರಿನ ಮೀನುಗಾರಿಕೆಯ ಲೈಸೆನ್ಸಿಗೆ 30 ಡಾಲರ್. ಮೊದಲ ದಿನವೇ ಕೊಂಡವನಿಗೆ ಹನ್ನೆರಡು ತಿಂಗಳು ಸಿಕ್ಕಿತು. ತಿಂಗಳಿಗೆ ಎರಡೂವರೆ ಡಾಲರ್ ಬಿತ್ತು. ಮೇ 1ರಂದು ಕೊಂಡವನಿಗೆ ಸಿಕ್ಕದ್ದು ನಾಲ್ಕೇ ತಿಂಗಳು. ತಿಂಗಳಿಗೆ ಏಳೂವರೆ ಡಾಲರ್ ಬಿತ್ತು. ಅದೇ ಕೆರೆ, ಅದೇ ಗಾಳ, ಅದೇ ಮೀನು. ಬೆಲೆ ಮಾತ್ರ ಮೂರು ಪಟ್ಟು. ಶಾಲೆಯಲ್ಲಿ ಮಕ್ಕಳಿಗೆ ಈ ಲೆಕ್ಕ ಕೊಟ್ಟಿದ್ದರೆ ‘ಸಾರ್, ಪುಸ್ತಕದಲ್ಲಿ ತಪ್ಪು ಅಚ್ಚಾಗಿದೆ’ ಎನ್ನುತ್ತಿದ್ದರು.

‘ಹಾಗಾದರೆ ಸೆಪ್ಟೆಂಬರ್ 1ಕ್ಕೇ ಕೊಂಡರಾಯಿತಲ್ಲ’ ಎಂಬುದು ಕಚೇರಿಯವರು ಕೊಡುವ ಸುಲಭ ಬುದ್ಧಿವಾದ. ಕೈಯಲ್ಲಿ ಕಾಸಿದ್ದವನು ಹಾಗೆಯೇ ಮಾಡುತ್ತಾನೆ. ಆದರೆ ದಿನಗೂಲಿಯವನು, ಸುಗ್ಗಿ ಎಲ್ಲಿದೆಯೋ ಅಲ್ಲಿಗೆ ಕೆಲಸ ಹುಡುಕಿಕೊಂಡು ಹೋಗುವವನು, ಕಾರ್ಖಾನೆಯಿಂದ ತೆಗೆದುಹಾಕಿಸಿಕೊಂಡು ಮನೆಯಲ್ಲಿ ಕುಳಿತವನು ಸರ್ಕಾರದ ತಾರೀಖು ನೋಡಿಕೊಂಡು ದುಡ್ಡು ಕೂಡಿಡಲಾರ. ಸೆಪ್ಟೆಂಬರಿನಲ್ಲಿ ಅವನ ಮನೆಯಲ್ಲಿ ಬಾಡಿಗೆಯ ಚಿಂತೆ. ಮೇ ತಿಂಗಳಲ್ಲಿ ನಾಲ್ಕು ಕಾಸು ಉಳಿದು, ಹೆಂಡತಿ ಮಕ್ಕಳೊಡನೆ ನದಿಯ ದಡಕ್ಕೆ ಹೋಗುವ ಮನಸ್ಸು ಬಂದಾಗ ಲೈಸೆನ್ಸು ಕೊಳ್ಳುತ್ತಾನೆ. ಎಂಟು ತಿಂಗಳನ್ನು ಸರ್ಕಾರಕ್ಕೆ ದಾನ ಮಾಡುತ್ತಾನೆ. ಒಂದು ದಿನದ ಲೈಸೆನ್ಸೂ ಉಂಟು, 11 ಡಾಲರಿಗೆ. ಮೂರು ಸಲ ಹೋದರೆ 33 ಆಯಿತು. ಇಡೀ ವರ್ಷದ್ದಕ್ಕಿಂತ ಹೆಚ್ಚು. ಬಡವನು ಉಪ್ಪನ್ನು ಚಟಾಕಿನ ಲೆಕ್ಕದಲ್ಲಿ ಕೊಂಡು ಮೂಟೆಯ ಬೆಲೆಗಿಂತ ಹೆಚ್ಚು ತೆರುವ ಹಳೆಯ ಕಥೆಯೇ ಇದು.

ಇನ್ನೊಂದು ಸ್ವಾರಸ್ಯ ಕೇಳಿ. ಕೊಂಡ ದಿನದಿಂದ ವರ್ಷ ಎಣಿಸುವ ಲೈಸೆನ್ಸು ಟೆಕ್ಸಾಸಿನಲ್ಲಿ ಇಲ್ಲವೆಂದಲ್ಲ. ಸಿಹಿನೀರು, ಉಪ್ಪುನೀರು ಎರಡಕ್ಕೂ ಸಲ್ಲುವ ಲೈಸೆನ್ಸು ಆಗಸ್ಟಿಗೆ ಮುಗಿಯುವಂಥದ್ದಾದರೆ 40 ಡಾಲರ್. ಕೊಂಡ ತಿಂಗಳಿಂದ ಮುಂದಿನ ವರ್ಷದ ಅದೇ ತಿಂಗಳ ಕೊನೆಯವರೆಗೆ ನಡೆಯುವಂಥದ್ದಾದರೆ 47 ಡಾಲರ್. ಅಂದರೆ ವರ್ಷಕ್ಕೆ ಹನ್ನೆರಡು ತಿಂಗಳು ಎಂಬ ನ್ಯಾಯಕ್ಕೆ ಪ್ರತ್ಯೇಕವಾಗಿ 7 ಡಾಲರ್ ತೆರಬೇಕು! ಸಾವಿರ ಡಾಲರನ್ನು ಒಂದೇ ಗಂಟಿನಲ್ಲಿ ಕೊಡಬಲ್ಲವನಿಗಂತೂ ಜೀವಮಾನದ ಮೀನುಗಾರಿಕೆ ಲೈಸೆನ್ಸೇ ಸಿಗುತ್ತದೆ. ಅವನಿಗೆ ಸೆಪ್ಟೆಂಬರೂ ಇಲ್ಲ, ಆಗಸ್ಟೂ ಇಲ್ಲ. ಒಂದು ಮಾತನ್ನು ಮಾತ್ರ ಆ ರಾಜ್ಯದ ಪರವಾಗಿ ಹೇಳಬೇಕು: ಅಲ್ಲಿ ಹದಿನೇಳು ತುಂಬದ ಮಕ್ಕಳಿಗೆ ಮೀನು ಹಿಡಿಯಲು ಲೈಸೆನ್ಸು ಬೇಡ, ರಾಜ್ಯದ ಉದ್ಯಾನಗಳಲ್ಲಿ ದಡದ ಮೇಲೆ ನಿಂತು ಗಾಳ ಹಾಕುವವರಿಗೂ ಬೇಡ.

ಈ ಹಣ ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಸುಮ್ಮನೆ ಬೈಯುವುದು ನ್ಯಾಯವಲ್ಲ. ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ 1937ರಲ್ಲಿ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ ಬಂತು. ಬೇಟೆಯ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ಸುಂಕವನ್ನು ಕಾಡುಪ್ರಾಣಿಗಳ ರಕ್ಷಣೆಗೆಂದು ರಾಜ್ಯಗಳಿಗೆ ಹಂಚಬೇಕು. ಆದರೆ ಲೈಸೆನ್ಸಿನ ಹಣವನ್ನು ಬೇರೆ ಖರ್ಚಿಗೆ ತಿರುಗಿಸುವ ರಾಜ್ಯಕ್ಕೆ ಪಾಲಿಲ್ಲ ಎಂದು ಅದು ಕಟ್ಟುಮಾಡಿತು. 1950ರ ಡಿಂಗೆಲ್–ಜಾನ್ಸನ್ ಕಾಯಿದೆ ಮೀನುಗಾರಿಕೆಗೂ ಇದೇ ಏರ್ಪಾಟು ಮಾಡಿತು. ನೀರಿನಿಂದ ಬಂದ ದುಡ್ಡು ನೀರಿಗೇ ಹೋಗಲಿ ಎಂಬ ಈ ನಿಯಮ ಚೆನ್ನಾದದ್ದು. ನಮ್ಮಲ್ಲಿಯೂ ಕೆರೆಗಳ ಹರಾಜಿನ ಹಣಕ್ಕೆ ಇಂಥ ಕಟ್ಟು ಇದ್ದಿದ್ದರೆ ಎಷ್ಟೋ ಕೆರೆಗಳ ಹೂಳು ತೆಗೆಯಬಹುದಿತ್ತು. ಆದರೆ ಕೆಲಸ ಒಳ್ಳೆಯದೆಂದ ಮಾತ್ರಕ್ಕೆ ವಸೂಲಿಯ ರೀತಿ ಒಳ್ಳೆಯದಾಗುವುದಿಲ್ಲ. ಆ ಕೇಂದ್ರದ ಹಣದಲ್ಲಿ ರಾಜ್ಯಗಳ ಪಾಲನ್ನು ನಿರ್ಧರಿಸುವಾಗ ಹಣ ಕೊಟ್ಟು ಲೈಸೆನ್ಸು ಪಡೆದವರ ತಲೆಎಣಿಕೆಯೂ ಸೇರುತ್ತದೆ. ಆ ಎಣಿಕೆಯಲ್ಲಿ ಮೇ ತಿಂಗಳಲ್ಲಿ ಕೊಂಡ ಬಡವನೂ ಒಂದು ಪೂರ್ತಿ ತಲೆಯೇ. ಲೈಸೆನ್ಸಿನಲ್ಲಿ ಮಾತ್ರ ಅವನು ಮೂರನೆಯ ಒಂದು ಪಾಲು.

ತಾರೀಖು ಕಟ್ಟಿದ್ದಕ್ಕೆ ಹಿಂದೆ ಕಾರಣವಿರಲಿಲ್ಲವೆನ್ನುವುದಿಲ್ಲ. ಪೆನ್ಸಿಲ್ವೇನಿಯಾದಂಥ ಕಡೆ ವರ್ಷವನ್ನು ಅಚ್ಚುಹಾಕಿದ ಬಿಲ್ಲೆಯನ್ನು ಮೀನುಗಾರ ಬಟ್ಟೆಗೆ ಸಿಕ್ಕಿಸಿಕೊಳ್ಳುತ್ತಿದ್ದ. ಕಾವಲಿನವನು ಅದನ್ನು ನೋಡಿಯೇ ತಿಳಿಯುತ್ತಿದ್ದ. ಆ ಕಾಲಕ್ಕೆ ಅದು ಸರಿ. ಬೇಟೆಗೆ ಇಂದಿಗೂ ಒಂದು ಕಾರಣ ಉಂಟು: ಟೆಕ್ಸಾಸಿನ ಬಹುಭಾಗದಲ್ಲಿ ಕಾಡುಪಾರಿವಾಳದ ಬೇಟೆ ಶುರುವಾಗುವುದೇ ಸೆಪ್ಟೆಂಬರ್ 1ಕ್ಕೆ, ಜಿಂಕೆಯದು ನವೆಂಬರಿನಲ್ಲಿ. ಋತುವಿಗೆ ಇಷ್ಟೇ ಪ್ರಾಣಿ ಎಂದು ಮಿತಿ ಹಾಕುವ ಕಡೆ ಲೆಕ್ಕವೂ ಋತುವಿನದೇ ಆಗಿರಲಿ, ಒಪ್ಪುತ್ತೇನೆ. (ಬಾತುಕೋಳಿಯ ಬೇಟೆಗಾರನ ಪಾಡು ಇನ್ನೂ ತಮಾಷೆಯದು, ಅವನಿಗೆ ಕೇಂದ್ರ ಸರ್ಕಾರದ 25 ಡಾಲರಿನ ಸ್ಟಾಂಪು ಬೇರೆ ಬೇಕು, ಅದರ ವರ್ಷ ಜುಲೈ 1ರಿಂದ ಜೂನ್ 30. ಒಬ್ಬ ಮನುಷ್ಯ, ಒಂದು ಬಾತು, ಎರಡು ಪಂಚಾಂಗ!) ಮೀನುಗಾರಿಕೆಗೆ ಈ ನೆಪ ನಡೆಯದು. ಗಾಳ ಹಾಕುವವನು ಆಗಸ್ಟಿನಲ್ಲೂ ಹಾಕುತ್ತಾನೆ, ಸೆಪ್ಟೆಂಬರಿನಲ್ಲೂ ಹಾಕುತ್ತಾನೆ.

ಇದು ಆಗದ ಕೆಲಸವೆನ್ನುವವರಿಗೆ ಆದದ್ದನ್ನೇ ತೋರಿಸಬೇಕು. ನ್ಯೂಯಾರ್ಕ್ ರಾಜ್ಯ 2014ರಲ್ಲಿ ಮೀನುಗಾರಿಕೆಯ ಲೈಸೆನ್ಸನ್ನು ಕೊಂಡ ದಿನದಿಂದ 365 ದಿನಕ್ಕೆ ಮಾಡಿತು. ಇಂಗ್ಲೆಂಡಿನಲ್ಲಿ ಗಾಳದ ಲೈಸೆನ್ಸು ಎಂದು ಕೊಂಡರೂ ಮಾರ್ಚ್ 31ಕ್ಕೇ ಮುಗಿಯುತ್ತಿತ್ತು. 2017ರಿಂದ ಅದು ಕೊಂಡ ದಿನದಿಂದ ಹನ್ನೆರಡು ತಿಂಗಳು. ಕ್ಯಾಲಿಫೋರ್ನಿಯಾದಲ್ಲಿ ನವೆಂಬರಿನಲ್ಲಿ ಕೊಂಡದ್ದೂ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಲೈಸೆನ್ಸು ಕೊಳ್ಳುವವರು ದಶಕಗಳಿಂದ ಕಡಿಮೆಯಾಗುತ್ತ ಬಂದಿದ್ದರು. ಕೊನೆಗೆ 2021ರಲ್ಲಿ ಕಾನೂನು ಮಾಡಿ 2023ರಿಂದ 365 ದಿನದ ಲೈಸೆನ್ಸು ತಂದರು. ಯಾವ ಖಜಾನೆಯೂ ಮುಳುಗಲಿಲ್ಲ.

ಟೆಕ್ಸಾಸಿನಂಥ ಕಡೆ ಇರುವವನು ಸದ್ಯಕ್ಕೆ ಮಾಡಬಹುದಾದದ್ದು ಇಷ್ಟೇ: ಸಾಧ್ಯವಾದರೆ ವರ್ಷ ಹುಟ್ಟುವಾಗಲೇ ಕೊಳ್ಳುವುದು, ಆಗದಿದ್ದರೆ ಎಷ್ಟು ದಿನ ಹೋಗುವೆನೆಂದು ಎಣಿಸಿ ದಿನದ ಲೈಸೆನ್ಸೋ ವರ್ಷದ್ದೋ ನಿರ್ಧರಿಸುವುದು. ಕ್ಯಾಲಿಫೋರ್ನಿಯಾದವನಿಗೆ ಆ ತಲೆನೋವಿಲ್ಲ. ಗಾಳ ಎತ್ತಿಕೊಂಡು ಹೊರಟ ದಿನ ಕೊಂಡರೆ ಸಾಕು.

ನಮ್ಮ ಅಂಗಡಿ ಲೈಸೆನ್ಸಿಗೂ ಇದೇ ನಿಯಮ ಬರಬೇಕೆಂಬುದು ನನ್ನ ವಾದ. ಸ್ಕೂಟರಿನ ವಿಮೆ ಹಣ ಕಟ್ಟಿದ ದಿನದಿಂದ ಒಂದು ವರ್ಷ ನಡೆಯುತ್ತದೆ. ವಿಮಾ ಕಂಪನಿಯ ಲಾಭಕೋರರಿಗೆ ಸಾಧ್ಯವಾದದ್ದು ಜನರ ಓಟಿನಿಂದ ನಡೆಯುವ ಪುರಸಭೆಗೆ ಏಕೆ ಸಾಧ್ಯವಿಲ್ಲ? ಲೆಕ್ಕಪತ್ರದ ವರ್ಷ ಏಪ್ರಿಲಿನಿಂದಲೇ ಇರಲಿ, ಅದು ಗುಮಾಸ್ತರ ಅನುಕೂಲ. ಬೀಡಿ ಅಂಗಡಿಯವನ ವರ್ಷ ಅವನು ಹಣ ಕಟ್ಟಿದ ದಿನ ಶುರುವಾಗಲಿ. ಪುರಸಭೆಯ ಬಜೆಟ್ ಸಭೆಗೆ ಮೊದಲು ಅರ್ಜಿ ಕೊಡಬೇಕಾಗಿದೆ. ವರ್ಷದ ನಡುವೆ ಪೂರ್ತಿ ಶುಲ್ಕ ಕಟ್ಟಿದವರು ತಮ್ಮ ರಸೀತಿಯ ನಕಲನ್ನು, ತಾರೀಖು ಕಾಣುವ ಹಾಗೆ, ಪಕ್ಷದ ಕಚೇರಿಗೆ ತಂದುಕೊಡಬೇಕು. ಸಂಜೆ ಪಾಳಿ ಬಿಟ್ಟ ಮೇಲೆ ಬರುವವರಿಗೂ ಕಚೇರಿ ತೆರೆದಿರುತ್ತದೆ.