ಅವ್ವನ ಮಡಿಲಲ್ಲಿ ಮಗು, ಊರ ಬಾಯಲ್ಲಿ ತಾಯಿ

ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರಲ್ಲಿ ‘ಅವ್ವ’ ಅಂದರೆ ಅಜ್ಜಿ. ಧಾರವಾಡದವರು ಕೇಳಿದರೆ ತಾಯಿ ಎಂದುಕೊಂಡಾರು. ತಾಯಿ ಬೆಂಗಳೂರು ಸೇರಿದ ಮನೆಗಳಲ್ಲಿ ಆ ತಪ್ಪರ್ಥವೇ ಸರಿ ಹೊಂದುತ್ತದೆ. ಮಗುವಿಗೆ ಮುದ್ದೆ ಮುರಿದು ತಿನ್ನಿಸುವವಳು, ಅಂಗನವಾಡಿಗೆ ಬಿಟ್ಟು ಬರುವವಳು, ಜ್ವರ ಬಂದರೆ ರಾತ್ರಿಯಿಡೀ ಕೂರುವವಳು ಅವ್ವನೇ.

ಕೊಳವೆಬಾವಿಯ ಸಾಲ, ಟೊಮೆಟೊ ದರ ಕುಸಿದಾಗಿನ ಪಾಡು ಊರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗಂಡ ಹೊರಟರೆ ‘ದುಡಿಯೋಕೆ ಹೋಗವ್ನೆ’, ಹೆಂಡತಿ ಹೊರಟರೆ ‘ಮಗೂನ ಬಿಟ್ಟು ಹೋಗವ್ಳೆ’. ಸಾಲವೂ ಒಂದೇ, ಹತ್ತಿದ ಬಸ್ಸೂ ಒಂದೇ.

ತಾಯಿ ರಾತ್ರಿ ಮಗುವಿನ ಮುಖ ನೋಡುವಳೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ರೈಲು ಹಳಿ. ಮಾಲೂರು ಬೆಂಗಳೂರು–ಚೆನ್ನೈ ಮಾರ್ಗದಲ್ಲಿದೆ. ಅಲ್ಲಿನವಳು ಬೆಳಗಿನ ರೈಲಿಗೆ ಹೋಗಿ ರಾತ್ರಿ ಮನೆ ಸೇರಬಲ್ಲಳು. ಮುಳಬಾಗಿಲಿಗೆ ರೈಲೇ ಇಲ್ಲ, ರಾಜಧಾನಿ ಸುಮಾರು ನೂರು ಕಿಲೋಮೀಟರ್ ದೂರ. ಅಲ್ಲಿಂದ ಹೋದವಳು ಅಲ್ಲೇ ಉಳಿಯಬೇಕು. ಇಬ್ಬರ ಕರುಳನ್ನೂ ಊರು ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೊಸ ಮಾತೊಂದು ಸೇರಿಕೊಂಡಿದೆ: ‘ಬಸ್ಸು ಪುಕ್ಕಟೆ ತಾನೆ, ವಾರಕ್ಕೊಂದು ಸಲ ಬರೋಕೇನಂತೆ?’ ಟಿಕೆಟ್ ಪುಕ್ಕಟೆಯಾಯಿತು, ರಜೆ ಆಗಲಿಲ್ಲ. ನಗರದಲ್ಲಿ ಮನೆಗೆಲಸಕ್ಕೆ ಸೇರಿದವಳನ್ನೇ ನೋಡಿ. ಅಂಥವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಗೊತ್ತುಪಡಿಸಿತ್ತು. ಆದರೆ ಮನೆಯಲ್ಲೇ ಉಳಿದು ದುಡಿಯುವವಳ ಭಾನುವಾರ ಇವತ್ತಿಗೂ ಮನೆಯೊಡತಿಯ ಮರ್ಜಿ. ಆ ಮನೆಯ ಕೂಸನ್ನು ಸ್ನಾನ ಮಾಡಿಸಿ ಮಲಗಿಸುವ ಕೈ ಇವಳದೇ ಆಗಿರುವುದುಂಟು. ಅಲ್ಲಿ ಅದಕ್ಕೆ ಸಂಬಳ, ಇಲ್ಲಿ ಅವ್ವನಿಗೆ ಅದೂ ಇಲ್ಲ.

ಗಾರ್ಮೆಂಟ್ಸ್‌ನವಳ ಕಥೆ ತುಸು ಬೇರೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಹಗಲಿಗೆ ತೊಟ್ಟಿಲು ಸಿಕ್ಕೀತು. ನಾಲ್ವರು ಹಂಚಿಕೊಂಡ ಕೋಣೆಯಲ್ಲಿ ರಾತ್ರಿ ಮಗು ಮಲಗುವುದೆಲ್ಲಿ? ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಂದ ಕೆಲಸವೇನೋ ಜಿಲ್ಲೆಯೊಳಗೇ ಬಂತು. ಆದರೆ ಪಾಳಿ ಮುಗಿಯುವ ಹೊತ್ತಿಗೂ ಸಂಜೆ ನಾಲ್ಕಕ್ಕೆ ಬಾಗಿಲು ಹಾಕುವ ಅಂಗನವಾಡಿಗೂ ತಾಳಮೇಳವಿಲ್ಲ.

ಸರ್ಕಾರದ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ನನಗೆ ಮೆಚ್ಚುಗೆಯಾದ ಯೋಜನೆ. ಆದರೆ ಅದು ಹುಟ್ಟಿದ್ದು ಊರಲ್ಲೇ ನರೇಗಾ ಕೆಲಸ ಮಾಡುವ ತಾಯಂದಿರ, ಮೂರು ವರ್ಷದೊಳಗಿನ ಮಕ್ಕಳಿಗಾಗಿ. ವಲಸೆ ಹೋದವಳ ಮಗುವೂ ಅಲ್ಲಿ ಹಕ್ಕಿನಿಂದ ಸೇರಬೇಕು. ವಯಸ್ಸಿನ ಗೆರೆ ಮೇಲೇರಬೇಕು. ಅವ್ವನಿಗೂ ಮಂಡಿನೋವಿದೆ, ಹಸು ಇದೆ, ಕೂಲಿ ಇದೆ ಎಂಬುದು ಲೆಕ್ಕಕ್ಕೆ ಬರಬೇಕು. ನಗರದಲ್ಲಿ ಕಟ್ಟುವ ಮಹಿಳಾ ಹಾಸ್ಟೆಲುಗಳು ಒಂಟಿ ಹೆಣ್ಣನ್ನಷ್ಟೇ ಕಣ್ಣಮುಂದಿಟ್ಟುಕೊಂಡರೆ ಸಾಲದು.

ಸದ್ಯಕ್ಕೆ ಶಾಲೆಯ ಪೋಷಕರ ಸಭೆಯಲ್ಲಿ ಅವ್ವ ಹೆಬ್ಬೆಟ್ಟು ಒತ್ತುತ್ತಾಳೆ. ‘ತಾಯಿ ಬರಲಿಲ್ವಾ?’ ಎನ್ನುತ್ತಾರೆ ಮೇಷ್ಟ್ರು. ಅಪ್ಪ ಕೋಲಾರದ ಮಂಡಿಯಲ್ಲಿ ಹಮಾಲಿ ಮಾಡುತ್ತಾನೆ, ಶಾಲೆಗೆ ಅರ್ಧ ಗಂಟೆಯ ದಾರಿ. ಅವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.