ಪದಗಣನೆಯಲ್ಲಿ ಟಿಪ್ಪಣಿಯ ಸ್ಥಾನ

ಹಳಗನ್ನಡ ಕೃತಿಗಳ ಪದಗಳನ್ನು ಎಣಿಸಲು, ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ‘ಆರ್’ ಎಂಬ ಸಂಖ್ಯಾಶಾಸ್ತ್ರೀಯ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯತೊಡಗುವ ಸಂಶೋಧನಾರ್ಥಿಗೆ ಮೊದಲು ಹೇಳಿಕೊಡಬೇಕಾದುದು ಟಿಪ್ಪಣಿ ಬರೆಯುವ ಕ್ರಮವನ್ನು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಹ್ಯಾಷ್ ಚಿಹ್ನೆಯ ಮುಂದೆ ಸಾಲಿನ ಕೊನೆಯವರೆಗೆ ಬರೆದುದನ್ನು ಗಣಕವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಓದುವವರಿಗೆ ಮೀಸಲಾದ ಜಾಗ. ಕಲಿಕೆಯ ಹಂತದಲ್ಲಿ ಈ ಜಾಗವನ್ನು ಬಹುಮಟ್ಟಿಗೆ ಆಜ್ಞೆಯ ಪುನರುಕ್ತಿಯೇ ತುಂಬುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಬೇರೆಬೇರೆ ಮುದ್ರಣಗಳಿಂದ ಪಠ್ಯವನ್ನು ಸಂಗ್ರಹಿಸಿದಾಗ ಕೆಲವೆಡೆ ೞಕಾರವೂ ಕೆಲವೆಡೆ ಅದರ ಬದಲಿಗೆ ಳಕಾರವೂ ಇರುತ್ತದೆ. ಎಣಿಕೆ ಒಂದಾಗಲೆಂದು ೞಕಾರವನ್ನೆಲ್ಲ ಳಕಾರಕ್ಕೆ ಬದಲಿಸುವ ಸಾಲೊಂದನ್ನು ಬರೆಯುತ್ತೇವೆ. ಅದರ ಪಕ್ಕದಲ್ಲಿ ‘ೞವನ್ನು ಳ ಮಾಡಿದೆ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಸಾಲೇ ಅದನ್ನು ಹೇಳುತ್ತಿದೆ. ಬದುಕು ಎಂಬರ್ಥದ ‘ಬಾೞ್’ ಹಾಗೂ ಕತ್ತಿ ಎಂಬರ್ಥದ ‘ಬಾಳ್’ ಇಲ್ಲಿಂದ ಮುಂದೆ ಒಂದೇ ಪದವಾಗಿ ಎಣಿಕೆಯಾಗುತ್ತವೆ, ಯುದ್ಧವರ್ಣನೆಗಳಲ್ಲಿ ಇವನ್ನು ಕೈಯಾರೆ ಬೇರ್ಪಡಿಸಬೇಕು ಎಂದು ಬರೆದರೆ ಅದು ಟಿಪ್ಪಣಿ. ಇದಿಲ್ಲದೆ ಪ್ರಬಂಧದ ಅನುಬಂಧದಲ್ಲಿ ಕೊಟ್ಟ ಸಂಖ್ಯೆಗಳನ್ನು ಮೌಲ್ಯಮಾಪಕರು ಪರಿಶೀಲಿಸುವುದಾದರೂ ಹೇಗೆ? ಪಾಠಾಂತರಗಳನ್ನು ಕೊಡದ ಗ್ರಂಥಸಂಪಾದನೆಯನ್ನು ನಾವು ಶಾಸ್ತ್ರೀಯವೆಂದು ಒಪ್ಪುವುದಿಲ್ಲವಷ್ಟೆ. ಸಾಲನ್ನು ಮುಂದೆ ಬದಲಿಸಿದಾಗ ಟಿಪ್ಪಣಿಯನ್ನೂ ಕೂಡಲೇ ತಿದ್ದಬೇಕು; ಹಳೆಯ ಟಿಪ್ಪಣಿ, ಟಿಪ್ಪಣಿಯೇ ಇಲ್ಲದಿರುವುದಕ್ಕಿಂತ ಹೆಚ್ಚು ದಾರಿತಪ್ಪಿಸುತ್ತದೆ.

ಇವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಭಾವನೆ ನಮ್ಮಲ್ಲಿ ಏಕೋ ಬೇರೂರಿದೆ. ಅಂತಹ ನಿರ್ಬಂಧವೇನೂ ಇಲ್ಲ. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಕನ್ನಡದ ಟಿಪ್ಪಣಿಯೂ ಕೆಡದೆ ಉಳಿಯುತ್ತದೆ. ೞಕಾರ ಳಕಾರಗಳ ಭೇದವನ್ನು ರೋಮನ್ ಲಿಪಿಯಲ್ಲಿ ವಿವರಿಸುವ ಪ್ರಯಾಸವೂ ತಪ್ಪುತ್ತದೆ.