ಜೀಪು ಬೇಕು, ಬೆನ್ನ ಹಿಂದೆ ಬೇಡ

ಕುರುಗೋಡಿನಿಂದ ಕಂಪ್ಲಿ, ಹಂಪಿಯ ಮಾರ್ಗವಾಗಿ ಸಂಡೂರಿನವರೆಗೆ ಮೂರು ನಾಲ್ಕು ದಿನಗಳ ಸೈಕಲ್ ಪಯಣ ಹೊರಡಬಯಸುವ ಮಲೆನಾಡಿನ ಮಿತ್ರರು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಜೊತೆಗೊಂದು ಜೀಪು ಬೇಕೆ? ಬೇಕು, ಆದರೆ ಬೆನ್ನ ಹಿಂದೆ ಬೇಡ.

ಹಳ್ಳ ತೊರೆಗಳ ನಡುವೆ ಬೆಳೆದ ನಮಗೆ ಬಯಲುಸೀಮೆಯ ಬಾಯಾರಿಕೆ ಸುಲಭವಾಗಿ ಅರಿವಾಗದು. ಬೇಸಿಗೆಯಲ್ಲಿ ಇಲ್ಲಿನ ತಾಪ 40 ಡಿಗ್ರಿ ಮೀರುತ್ತದೆ. ಕುರುಗೋಡಿನ ಬಂಡೆಗುಡ್ಡಗಳು ಕತ್ತಲಾದ ಮೇಲೂ ಕಾವು ಬಿಡುವುದಿಲ್ಲ. ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಡಿಸೆಂಬರ್, ಜನವರಿ ತಿಂಗಳುಗಳೇ ಪಯಣಕ್ಕೆ ತಕ್ಕವು. ಅಮೆರಿಕ ಖಂಡದಿಂದ ಬಂದು ಇಲ್ಲಿ ಬೇರೂರಿದ ಬಳ್ಳಾರಿ ಜಾಲಿಯ ಮುಳ್ಳಿಗೆ ಮಾತ್ರ ಋತುಭೇದವಿಲ್ಲ. ಕುಡಿಯುವ ನೀರು, ಬದಲಿ ಟ್ಯೂಬು, ಔಷಧಿ ಹೊರಲು ವಾಹನ ಅವಶ್ಯಕ.

ಆದರೆ ಅದು ಡಾಂಬರು ರಸ್ತೆಯಲ್ಲೇ ಸಾಗಿ, ಮಧ್ಯಾಹ್ನ ಮತ್ತು ಸಂಜೆ ಗೊತ್ತುಪಡಿಸಿದ ಊರುಗಳಲ್ಲಿ ಕಾಯಲಿ. ಗುಡ್ಡದ ಕಾಲುದಾರಿಗೆ ಇಳಿದ ಜೀಪಿನ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ. ಹಂಪಿಗೆ ಸಮೀಪದ, 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಆಸುಪಾಸಿನಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊರು ಸೇರಬೇಕು. ಮುಸ್ಸಂಜೆ ಕರಡಿಗಳು ಮೇವಿಗೆ ಹೊರಡುವ ಹೊತ್ತು. ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಿ ಸೈಕಲ್‌ಗಳನ್ನು ವಾಹನಕ್ಕೇರಿಸುವುದು ವಿವೇಕವೇ ಹೊರತು ಅವಮಾನವಲ್ಲ.

ಕೊನೆಯದಾಗಿ, ನೀರಿಗಾಗಿ ಕೊಡಗಳು ಸಾಲು ನಿಲ್ಲುವ ನಾಡಿನಲ್ಲಿ ಊರ ನಲ್ಲಿಗೆ ಸೈಕಲ್ ತೊಳೆಯಲು ಹೋಗುವ ಹಕ್ಕು ಅತಿಥಿಗಳಾದ ನಮಗಿಲ್ಲ. ನಮ್ಮ ನೀರನ್ನು ಹೊತ್ತು ತಂದ ವಾಹನವೇ ನಮ್ಮ ಕಸವನ್ನೂ ಹೊತ್ತು ಹಿಂದಿರುಗಲಿ.